ಪಂಚವಟಿಯ ಇಲಿಗಳು, ಜಗದೇವಿಯ ರೊಟ್ಟಿ

ಮೂಷಕ ನಿಯಂತ್ರಣದ ಹೊಣೆ ಹೊತ್ತ ಅಧಿಕಾರಿಗಳೇ,

ಕಳೆದ ಆಷಾಢದಿಂದ ಗಣೇಶ ಚೌತಿಯವರೆಗೆ, ಮಳೆಗಾಲ ಪೂರ್ತಿ, ನಾಸಿಕದ ಪಂಚವಟಿಯ ಓಣಿಗಳಲ್ಲಿ ಬೋನಿಗೆ ಬಿದ್ದ ಇಲಿ, ಹೆಗ್ಗಣಗಳನ್ನು ನಿಮ್ಮ ಕಚೇರಿಯ ವ್ಯಾನು ಜೀವಂತವಾಗಿ ಸಾಗಿಸಿ, ಸಂಭಾಜಿನಗರ ರಸ್ತೆಯಾಚೆ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳ ಹಿಂದೆ ಬಿಟ್ಟು ಬಂದಿತು. ಚೌತಿಯ ಮರುವಾರ ಆ ಶೆಡ್ಡುಗಳಲ್ಲಿದ್ದ ಅಮಸಿದ್ದ ಎಂಬ ಸೆಂಟ್ರಿಂಗ್ ಕೆಲಸಗಾರ ಇಲಿ ಜ್ವರದಿಂದ ತೀರಿಕೊಂಡ. ಅವನ ಸಾವಿಗೆ ಅವನ ಹೆಂಡತಿ ಬಡಿದ ರೊಟ್ಟಿಯೇ ಕಾರಣವೆಂದು ನೀವು ಹೇಳಿದಿರಿ. ಈ ಮೂರು ವಾಕ್ಯಗಳಲ್ಲಿ ಯಾವುದಾದರೂ ಸುಳ್ಳಾಗಿದ್ದರೆ ತಿಳಿಸಿ, ಮುಂದಿನದನ್ನು ನೀವು ಓದಬೇಕಾಗಿಲ್ಲ.

ನಾನು ಭಾಲ್ಕಿ ಕಡೆಯವನು. ಪಂಚವಟಿಯಲ್ಲಿ ತಾಮ್ರ, ಹಿತ್ತಾಳೆಯ ಪಾತ್ರೆ ಮಾರುತ್ತಲೇ ತಲೆ ನರೆತಿದೆ. ಇದೇ ವಿಷಯವನ್ನು ಮೊದಲು ಮರಾಠಿಯಲ್ಲಿ ಬರೆದು ನಿಮ್ಮ ಕಚೇರಿಗೆ ಕೊಟ್ಟೆ. ತಲುಪಿದೆ ಎಂಬ ಮುದ್ರೆಯೊಂದು ಬಿಟ್ಟರೆ ಉತ್ತರವಿಲ್ಲ. ಈಗ ಕನ್ನಡದಲ್ಲಿ, ನಮ್ಮ ಊರ ಕಡೆಯವರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ನೀವೂ ಕಲಬುರಗಿ ಕಡೆಯವರು. ಅನುವಾದಕರು ಸಿಗಲಿಲ್ಲ ಎಂಬ ನೆಪ ಇನ್ನು ನಿಮಗಿಲ್ಲ.

ಬರಲಿರುವ ಸಿಂಹಸ್ಥ ಕುಂಭಮೇಳಕ್ಕೆ ಓಣಿಗಳನ್ನು ಶುಚಿಗೊಳಿಸುವುದು ನಿಮ್ಮ ಉದ್ದೇಶವಾಗಿತ್ತು. ನಮ್ಮ ವ್ಯಾಪಾರಿಗಳು, ಪುರೋಹಿತರು ನಿಮ್ಮಲ್ಲಿಗೆ ಬಂದು, ಇಲಿಗಳು ಹೋಗಬೇಕು, ಆದರೆ ಗಣಪತಿಯ ವಾಹನ, ಕೊಲ್ಲಬಾರದು ಎಂದು ಕೇಳಿಕೊಂಡರು. ಎಲ್ಲಿಗೆ ಹೋಗಬೇಕೆಂದು ಯಾರೂ ಕೇಳಲಿಲ್ಲ. ನೀವು ಅದಕ್ಕೊಂದು ಹೆಸರು ಹುಡುಕಿದಿರಿ: ಕರುಣಾ ಸ್ಥಳಾಂತರ. ಬ್ಯಾನರ್ ಬಂತು, ಅದರಲ್ಲಿ ಮೋದಕ ಹಿಡಿದು ನಗುವ ಇಲಿಯ ಚಿತ್ರ ಬಂತು. ಪ್ರಾಣಿಗೆ ಕರುಣೆ ಸಿಕ್ಕಿತು, ಓಣಿಗೆ ಶುಚಿ ಸಿಕ್ಕಿತು, ಪತ್ರಿಕೆಯಲ್ಲಿ ನಿಮಗೆ ಹೊಗಳಿಕೆ ಸಿಕ್ಕಿತು. ಉಳಿದದ್ದೆಲ್ಲ ಶೆಡ್ಡುಗಳ ಪಾಲಾಯಿತು.

ನನ್ನ ನೆನಪು ಹಳೆಯದು, ಕ್ಷಮಿಸಿ. ೧೯೯೪ರಲ್ಲಿ ಬೀಡ್, ಸೂರತ್ ಕಡೆಯಿಂದ ಪ್ಲೇಗಿನ ಸುದ್ದಿ ಬಂದಾಗ ಈ ಓಣಿಯಲ್ಲಿ ಮೂಗಿಗೆ ಕರವಸ್ತ್ರ ಕಟ್ಟದ ಮನುಷ್ಯನಿರಲಿಲ್ಲ. ಔಷಧದಂಗಡಿಗಳಲ್ಲಿ ಮಾತ್ರೆ ಮುಗಿದುಹೋಗಿತ್ತು. ಸತ್ತ ಇಲಿ ಕಂಡರೆ ಸೀಮೆಎಣ್ಣೆ ಸುರಿದು ಸುಡುತ್ತಿದ್ದೆವು, ವಾಹನವೋ ಅಲ್ಲವೋ ಎಂಬ ಚರ್ಚೆ ಏಳಲಿಲ್ಲ. ಅದಕ್ಕೂ ಹಿಂದೆ, ನನ್ನ ಅಜ್ಜಿಯ ಕಾಲದಲ್ಲಿ ಪ್ಲೇಗ್ ಬಂದರೆ ಇಲಿಗಳನ್ನು ಊರಲ್ಲೇ ಬಿಟ್ಟು ಜನ ಹೊಲಗಳಲ್ಲಿ ಗುಡಿಸಲು ಹಾಕುತ್ತಿದ್ದರು. ಊರ ಹೊರಗಿನ ಗುಡಿಸಲಿಗೇ ಇಲಿಗಳನ್ನು ಗಾಡಿಯಲ್ಲಿ ಕಳಿಸಿಕೊಡುವ ಆಡಳಿತವನ್ನು ಆ ಅಜ್ಜಿ ಕೂಡ ಕಂಡಿರಲಿಲ್ಲ. ಈ ಪ್ರಗತಿಗೆ ನಿಮಗೊಂದು ಶಾಲು ಹೊದಿಸಬೇಕಲ್ಲವೇ?

ವ್ಯಾನು ಮೊದಲ ಸಲ ಬಂದಾಗ ಅಮಸಿದ್ದನ ತಾಯಿ ಚನಬಸವ್ವ ಬಟ್ಟೆ ಒಗೆಯುತ್ತಿದ್ದಳು. ಏನು ಬಿಡುತ್ತಿದ್ದೀರಿ ಎಂದು ಕೇಳಿದಳು. "ದೇವಾಚೆ ಉಂದೀರ ಆಹೇತ, ಆಜಿ," ಎಂದ ಚಾಲಕ. ದೇವರ ಇಲಿಗಳು, ಪಂಚವಟಿಯ ಗುಡಿಗಳಿಂದ ತಂದದ್ದು. ಮುದುಕಿ ಕೈಮುಗಿದಳು. ಒಳಗೆ ಹೋಗಿ ಬೆಲ್ಲದ ಚೂರು ತಂದು, ಬೋನು ತೆರೆದ ಜಾಗದಲ್ಲಿಟ್ಟಳು. ಸೊಸೆ ಜಗದೇವಿ ತಡೆದಿದ್ದಕ್ಕೆ, "ಗಣಪ್ಪ ತಾನೇ ನಮ್ಮ ಬಾಗಿಲಿಗಿ ಬಂದಾನ, ನೀ ಸುಮ್ಕಿರು," ಎಂದಳಂತೆ. ನಿಮ್ಮ ಯೋಜನೆಗೆ ಅಷ್ಟು ಭಕ್ತಿಯಿಂದ ಸಹಕರಿಸಿದವರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು.

ಶ್ರಾವಣದಲ್ಲಿ ನಾನೇ ಹೋಗಿ ನೋಡಿದೆ. ಬರೆಯಲು ಹೇಸಿಗೆಯಾಗುತ್ತದೆ, ಆದರೂ ಬರೆಯುತ್ತೇನೆ. ನಿಮ್ಮ ವರದಿಯಲ್ಲಿ ಇದು ಇರಲಾರದು. ಸಿಮೆಂಟಿನ ಖಾಲಿ ಚೀಲವೊಂದನ್ನು ಎತ್ತಿದರೆ ಅಡಿಯಲ್ಲಿ ಕಣ್ಣು ಬಿಡದ ಕೆಂಪು ಮರಿಗಳ ಮುದ್ದೆ ಮಿಸುಕುತ್ತಿತ್ತು. ನೀರಿನ ಡ್ರಮ್ಮಿನಲ್ಲಿ ಹೊಟ್ಟೆ ಉಬ್ಬಿದ ಹೆಗ್ಗಣ ತೇಲುತ್ತಿತ್ತು, ಅದನ್ನು ಕಡ್ಡಿಯಿಂದ ತೆಗೆದೆಸೆದು ಅದೇ ನೀರಲ್ಲಿ ಪಾತ್ರೆ ತೊಳೆಯುತ್ತಿದ್ದರು, ಬೇರೆ ನೀರಿರಲಿಲ್ಲ. ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಹಿಕ್ಕೆ. ಹಾಸಿಗೆಯಲ್ಲಿ ಮೂತ್ರದ ಘಾಟು. ಮಲಗಿದ್ದ ಕೂಸಿನ ಹಿಮ್ಮಡಿಯನ್ನು ಹಲ್ಲಿನಿಂದ ಕೆರೆದಿದ್ದವು. ಪಾಯದ ಗುಂಡಿಗಳಲ್ಲಿ ಮಳೆನೀರು ನಿಂತಿತ್ತು, ಅದೆಲ್ಲ ಹರಿದು ಬಂದದ್ದು ನೀವು ಬೋನು ತೆರೆಯುತ್ತಿದ್ದ ದಿಣ್ಣೆಯಿಂದ.

ಆ ಗುಂಡಿಯಲ್ಲಿ ಮೊಣಕಾಲವರೆಗೆ ಇಳಿದು ಅಮಸಿದ್ದ ಹಲಗೆ ಕಟ್ಟುತ್ತಿದ್ದ. ಸಿಮೆಂಟು ತಿಂದ ಪಾದಗಳು, ಬೆರಳ ಸಂದಿಯಲ್ಲೆಲ್ಲ ಸೀಳು. ಭಾನುವಾರ ಗೋದಾವರಿಯ ರಾಮಕುಂಡಕ್ಕೆ ಮೀಯಲು ಬಂದರೆ ನನ್ನ ಅಂಗಡಿಯಲ್ಲಿ ಕೂತು ಕನ್ನಡ ಮಾತಾಡಿ ಹೋಗುವುದು ಅವನ ಚಟ. ಕೊನೆಯ ಸಲ ಬಂದಾಗ ಅವನ ಕಣ್ಣು ಕೆಂಪಗಿತ್ತು. ರಾತ್ರಿ ಏರಿಸಿದ್ದೀಯೇನೋ ಎಂದು ಛೇಡಿಸಿದೆ. "ಕಾಕಾ, ಕುಡ್ಯಾವ್ರಿಗಿ ತಲಿ ನೋಯ್ತದ, ನನಗ ಮೀನಖಂಡ ನೋಯ್ಲತ್ತಾವ. ಇದ್ಯಾವ ಬ್ರ್ಯಾಂಡ್ ನೀವೇ ಹೇಳ್ರಿ," ಎಂದು ನಕ್ಕ. ಆಮೇಲೆ ಜ್ವರ, ಆಮೇಲೆ ಮೈ ಹಳದಿ. ಕಾಮಾಲೆಯೆಂದು ಯಾರೋ ಬೇರು ಅರೆದು ಕುಡಿಸಿದರು. ಮೂತ್ರ ನಿಂತ ಮೇಲೆ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ವೈದ್ಯೆ ಮೃದುಲಾ ಪಾದ ನೋಡಿದ ಕೂಡಲೇ ಕೇಳಿದ್ದು, ಇವರು ಕೆಲಸ ಮಾಡುವಲ್ಲಿ ಇಲಿಗಳಿವೆಯೇ ಎಂದು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಆದರೆ ಅಷ್ಟರಲ್ಲಿ ಮೂತ್ರಪಿಂಡ ಕೈಕೊಟ್ಟಿತ್ತು.

ನೀವು ಬಂದದ್ದು ಅದರ ನಂತರ. ಮಾಸ್ಕ್ ಧರಿಸಿ, ಜೀಪಿನ ಪಕ್ಕದಲ್ಲೇ ನಿಂತು, ಪತ್ರಕರ್ತರಿಗೆ ಮರಾಠಿಯಲ್ಲಿ ಹೇಳಿದಿರಿ: ವಲಸೆ ಕಾರ್ಮಿಕರು ತಿಂಗಳುಗಟ್ಟಲೆ ಹಳಸಿದ ರೊಟ್ಟಿ ಕೂಡಿಟ್ಟು ತಿನ್ನುತ್ತಾರೆ, ಅದಕ್ಕೆ ಇಲಿ ಬರುತ್ತವೆ, ಅದರಿಂದಲೇ ರೋಗ. ವ್ಯಾನಿನ ಮಾತು ಎತ್ತಲಿಲ್ಲ. ಅಷ್ಟಕ್ಕೇ ಹೊರಟುಹೋಗಿದ್ದರೆ ಈ ಪತ್ರ ಇಷ್ಟು ಕಹಿಯಾಗುತ್ತಿರಲಿಲ್ಲ. ಜೀಪು ಹತ್ತುವ ಮುನ್ನ ನೀವು ಜಗದೇವಿಯತ್ತ ತಿರುಗಿದಿರಿ. ನಾನು ಅಲ್ಲೇ ನಿಂತಿದ್ದೆ. ಅಂದು ನಿಮ್ಮ ಬಾಯಿಂದ ಬಂದ ಏಕೈಕ ಕನ್ನಡ ಮಾತು ಅದು: "ರೊಟ್ಟಿ ಕಟ್ಟಿ ಇಡಬ್ಯಾಡ್ರಿ ಅಂದ್ರ ನೀವು ಕೇಳಂಗಿಲ್ಲ. ನಿಮ್ಮ ಮನಿಯವ್ರನ್ನ ಅದೇ ಕೊಂದದ್ದು."

ಚನಬಸವ್ವನ ಕಿವಿಗೆ ಬೇಕಾದದ್ದು ಅಷ್ಟೇ. ಬೆಲ್ಲವಿಟ್ಟು ಬರಮಾಡಿಕೊಂಡ ದೇವರ ವಾಹನವನ್ನು ಅವಳು ಹೇಗೆ ಬೈದಾಳು? ಸೊಸೆಯನ್ನು ಬೈಯುವುದು ಸುಲಭವಾಯಿತು. ಅಂದಿನಿಂದ ಮೊಮ್ಮಗಳು ಭಾಗ್ಯಶ್ರೀಗೆ ತಾಯಿಯ ಕೈಯ ತುತ್ತಿಲ್ಲ. ದೀಪಾವಳಿಗೆ ಹುಡುಗಿಯನ್ನು ಊರಿಗೆ ಕರೆದೊಯ್ಯುತ್ತಾಳಂತೆ, ತಾಯಿಯನ್ನು ಇಲ್ಲೇ ಬಿಟ್ಟು. "ಗಂಡನ್ನ ತಿಂದ ಕೈ ಅದು. ಕೂಸಿಗಿ ಉಣಸ್ಲಾಕ ಕೊಡಲ್ಲ," ಎಂದು ಶೆಡ್ಡಿನ ಮುಂದೆ ಎಲ್ಲರೆದುರು ಹೇಳಿದ್ದಾಳೆ.

ಹೋದ ವಾರ ಜಗದೇವಿ ನನ್ನ ಅಂಗಡಿಗೆ ಬಂದಳು. ಕೂಡಲಿಲ್ಲ.

"ಕಾಕಾ, ನೀವು ಓದಿದವ್ರು. ಖರೇ ಹೇಳ್ರಿ. ನನ್ನ ರೊಟ್ಟಿನೇ ಕೊಂದದೇನು?"

ಅಲ್ಲವೇ ಅಲ್ಲ ಎಂದೆ.

"ನೀವು ನನ್ನ ಸಮಾಧಾನಕ್ಕ ಹೇಳ್ತೀರಿ. ಸಾಹೇಬ್ರು ಕನ್ನಡದಾಗೇ ಹೇಳ್ಯಾರ. ಮರಾಠಿದಾಗ ಹೇಳಿದ್ರ, ನನಗ ತಿಳಿಲಿಲ್ಲ ಅಂತಾದ್ರೂ ಅನ್ಕೋತಿದ್ದೆ."

ಇದಕ್ಕೆ ಉತ್ತರ ನಿಮ್ಮಲ್ಲಿದೆ. ಇಲಿ ಜ್ವರದ ಕ್ರಿಮಿ ಬದುಕುವುದು ತೇವದಲ್ಲಿ, ಇಲಿಯ ಮೂತ್ರ ಬೆರೆತ ನೀರಲ್ಲಿ, ಕೆಸರಲ್ಲಿ. ಅದು ಒಳಹೊಗುವುದು ಹೆಚ್ಚಾಗಿ ಚರ್ಮದ ಸೀಳಿನಿಂದ. ಒಣಗಿದ ಕಡೆ ಅದು ಬೇಗ ಸಾಯುತ್ತದೆ. ನಿಮ್ಮ ಇಲಾಖೆಗೆ ಸೇರುವ ಮುನ್ನ ನೀವು ಓದಿದ ಪುಸ್ತಕಗಳಲ್ಲೇ ಇದಿದೆ. ನೀರಿನ ಪಸೆಯೇ ಉಳಿಯದಂತೆ ಕೆಂಡದ ಮುಂದೆ ನಿಲ್ಲಿಸಿ ಒಣಗಿಸಿದ ಜೋಳದ ಖಡಕ್ ರೊಟ್ಟಿಯಲ್ಲಿ ಆ ಕ್ರಿಮಿಯನ್ನು ಕಂಡ ವಿಜ್ಞಾನಿ ನೀವೊಬ್ಬರೇ. ಇಲಿ ಮುಟ್ಟಿದ ಆಹಾರದಿಂದ ಬೇರೆ ಕಾಯಿಲೆಗಳು ಬರುತ್ತವೆ, ವಾಂತಿಭೇದಿ ಬರುತ್ತದೆ, ಒಪ್ಪುತ್ತೇನೆ. ಅಮಸಿದ್ದ ಸತ್ತದ್ದು ಅದರಿಂದಲ್ಲ. ಮೇಲಾಗಿ ಆ ರೊಟ್ಟಿಯ ಗಂಟನ್ನು ಜಗದೇವಿ ಸೂರಿನ ಪೈಪಿಗೆ ತಂತಿಯಲ್ಲಿ ತೂಗುಹಾಕಿದ್ದಳು. ಆ ಶೆಡ್ಡಿನಲ್ಲಿ ನಿಮ್ಮ ಇಲಿಗಳ ಬಾಯಿಗೆ ಎಟುಕದೆ ಉಳಿದದ್ದು ಅದೊಂದೇ.

ಹಳಸಿದ್ದು ಎಂದಿರಲ್ಲ, ಅದನ್ನು ಯಾವ ನಾಲಗೆಯಿಂದ ಹೇಳಿದಿರಿ? ಈ ಸಲದ ಬಸವ ಜಯಂತಿಗೆ ನಮ್ಮ ಸಮಾಜದ ಸಭಾಭವನದಲ್ಲಿ ನೀವು ಮುಖ್ಯ ಅತಿಥಿ. ಶೇಂಗಾ ಹಿಂಡಿ, ಮೊಸರಿನ ಜೊತೆ ಇದೇ ಖಡಕ್ ರೊಟ್ಟಿಯನ್ನು ಕೇಳಿ ಕೇಳಿ ಹಾಕಿಸಿಕೊಂಡಿರಿ. ತಿಂಗಳಿಟ್ಟರೂ ಕೆಡದ ಈ ರೊಟ್ಟಿ ನಮ್ಮ ಹಿರಿಯರ ಜಾಣತನ ಎಂದು ಭಾಷಣದಲ್ಲಿ ಹೇಳಿದಿರಿ, ನಾವು ಚಪ್ಪಾಳೆ ತಟ್ಟಿದೆವು. ಸಭಾಭವನದ ತಟ್ಟೆಯಲ್ಲಿ ಜಾಣತನವಾಗಿದ್ದದ್ದು ಕೂಲಿಯವಳ ಶೆಡ್ಡಿನಲ್ಲಿ ಕೊಲೆಯಾಯಿತೇ?

ಈಗ ನಿಮ್ಮ ವ್ಯಾನು ಆ ದಿಣ್ಣೆಗೆ ಹೋಗುತ್ತಿಲ್ಲ. ಆದರೆ ನನ್ನ ಅಂಗಡಿಯೆದುರಿನ ಬೋನು ಈಗಲೂ ತುಂಬುತ್ತದೆ, ತುಂಬಿದ ಬೋನು ಈಗಲೂ ವ್ಯಾನು ಹತ್ತುತ್ತದೆ. ಅದು ಎಲ್ಲಿ ಖಾಲಿಯಾಗುತ್ತಿದೆ, ಅಲ್ಲಿ ಯಾರು ಮಲಗುತ್ತಾರೆ ಎಂಬುದನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ. ಆ ಶೆಡ್ಡುಗಳ ಸುತ್ತ ಈಗಿರುವ ಇಲಿಗಳನ್ನು ತೆಗೆಸಿ, ಗುಂಡಿಗಳ ನೀರು ಹೊರಹಾಕಿಸಿ, ಕೆಲಸಗಾರರಿಗೆ ಬೂಟು ಕೊಡಿಸಿ. ಇವಕ್ಕೆಲ್ಲ ನಿಮ್ಮ ಕಚೇರಿಯ ಉತ್ತರ ಮರಾಠಿಯಲ್ಲಿ ಬಂದರೂ ನನ್ನ ತಕರಾರಿಲ್ಲ.

ಒಂದು ಉತ್ತರ ಮಾತ್ರ ಕನ್ನಡದಲ್ಲೇ ಬರಬೇಕು. ದೀಪಾವಳಿಗೆ ಮುನ್ನ, ಚನಬಸವ್ವ ಮೊಮ್ಮಗಳ ಕೈಹಿಡಿದು ರೈಲು ಹತ್ತುವ ಮುನ್ನ, ಅದೇ ಶೆಡ್ಡಿನ ಮುಂದೆ ಜೀಪಿನಿಂದ ಕೆಳಗಿಳಿದು, ಮಾಸ್ಕ್ ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿ: "ಜಗದೇವಿ, ನಿಮ್ಮ ರೊಟ್ಟಿ ಯಾರನ್ನೂ ಕೊಂದಿಲ್ಲ. ಆ ಇಲಿಗಳನ್ನ ಇಲ್ಲಿ ತಂದು ಬಿಟ್ಟವರು ನಾವು." ಯಾವಾಗ ಬರುತ್ತೀರಿ?

ಇಂತಿ,
ನಿಮ್ಮ ಕರುಣೆಯಿಂದ ಇಲಿಗಳ ಕಾಟ ತಗ್ಗಿದ ಓಣಿಯಲ್ಲಿ ನಾಚಿಕೊಂಡು ಕೂತಿರುವ
ವೈಜನಾಥ
ತಾಮ್ರದ ಪಾತ್ರೆ ವ್ಯಾಪಾರಿ, ಪಂಚವಟಿ, ನಾಸಿಕ