ಕಟ್ಟಿನಲ್ಲಿ ಬಂದ ದನಿ

ಗದಗ, ೨೧೮೭ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ನೀಲಾಂಬಿಕಾ ಅಜ್ಜಿಯವರಿಗೆ, ನಿಮ್ಮ ಆರನೆಯ ತಲೆಮಾರಿನ ಶಿವಗಂಗಾ ಮಾಡುವ ನಮಸ್ಕಾರಗಳು.

ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ನಿಮಗಿನ್ನೂ ಮೂವತ್ತು ತುಂಬಿಲ್ಲವೆಂದು ಬಲ್ಲೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಬಿಸಿಲು ಹನ್ನೆರಡು ತಿಂಗಳಲ್ಲಿ ಹಿಡಿಸದೆ ನಾವು ಹದಿಮೂರನೆಯದೊಂದನ್ನು ಮಾಡಿಕೊಂಡಿದ್ದೇವೆ. ಈ ಪತ್ರ ಹಿಂದಿನ ಕಾಲಕ್ಕೆ ಹೇಗೆ ಬಂತೆಂದು ಕೇಳಬೇಡಿ. ಅದೂ ಕಟ್ಟಿನೊಳಗಿನ ಒಂದು ಸೇವೆ. ಮನೆಯಲ್ಲಿ ಯಾರೂ ಬಳಸಿರಲಿಲ್ಲ.

ಕಟ್ಟು ಎಂದರೇನೆಂದು ನಿಮಗೆ ಈ ವಾರವೇ ತಿಳಿಯುತ್ತದೆ. ಫೋನ್ ಕಂಪನಿಯವನು ಫಾರಂ ಹಿಡಿದು ಬರುತ್ತಾನೆ. ಬೇಕಾದ ಸೇವೆಯನ್ನಷ್ಟೇ ಅದರದರ ದರಕ್ಕೆ ಕೊಳ್ಳುವುದು 'ಬಿಡಿ'. ಎಲ್ಲವನ್ನೂ ಒಟ್ಟಿಗೆ ಕೊಳ್ಳುವುದು 'ಕಟ್ಟು'. ಕಟ್ಟೇ ಅಗ್ಗ. ಲೆಕ್ಕದಲ್ಲಿ ಜಾಣೆಯಾದ ನೀವು ಕಟ್ಟಿಗೇ ಸಹಿ ಹಾಕಿದಿರೆಂದು ನಮ್ಮ ಹಳೆಯ ಕಾಗದದಲ್ಲಿದೆ. ಆ ಕಟ್ಟು ಮನೆಯಲ್ಲಿ ಮುಂದೆ ಹುಟ್ಟುವವರಿಗೂ ಸೇರಿದ್ದೆಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅದನ್ನು ಯಾರು ತಾನೇ ಓದುತ್ತಾರೆ, ನಿಮ್ಮನ್ನು ದೂರುವುದಿಲ್ಲ. ಈಗ ಟ್ಯಾಂಕಿಗೆ ನೀರು ಬಿಡಿಸುವ ಕರೆ, ವೈದ್ಯರ ಕರೆ, ಮಧ್ಯಾಹ್ನ ಓಡಾಡುವ ನೆರಳು ಬಸ್ಸಿನ ಕರೆ ಎಲ್ಲವೂ ಅದರಲ್ಲೇ ಇವೆ. ಒಂದನ್ನು ಬೇಡವೆಂದರೆ ಎಲ್ಲವೂ ಹೋಗುತ್ತವೆ, ನೀರೂ ಸಹ.

ಅದರಲ್ಲೇ ದನಿಗಾವಲೂ ಇದೆ. ಐದು ಸಲ ರಿಂಗಾಗಿಯೂ ನಾವು ಫೋನ್ ಎತ್ತದಿದ್ದರೆ ಅದು ನಮ್ಮದೇ ದನಿಯಲ್ಲಿ, ಮನೆಗೆಲ್ಲ ಕೇಳುವಂತೆ, ಮಾತಾಡುತ್ತದೆ. ಬೇಡದ ನೆಂಟರನ್ನು ಸಾಗಹಾಕಲು ಬಹಳ ಅನುಕೂಲ. ಅನುಮಾನ ಬಂದರೆ "ಖುದ್ದೇನ್ರಿ?" ಎಂದು ಕೇಳಬೇಕು, ಆಗ ಅದು ಸುಳ್ಳು ಹೇಳುವಂತಿಲ್ಲ. ಆದರೆ ಹೆತ್ತವರನ್ನು ಹಾಗೆ ಕೇಳುವುದು ನಮ್ಮಲ್ಲಿ ಮಹಾ ಅವಮರ್ಯಾದೆ.

ನನ್ನ ಅವ್ವ ದಾನಮ್ಮ ಬೆಟಗೇರಿಯಲ್ಲಿ ಒಬ್ಬಳೇ ಇದ್ದಳು. ನಾನು ಬೇರೆ ಮನೆ ಮಾಡಿದಾಗಿನಿಂದ ಅವಳಿಗೆ ನನ್ನ ಮೇಲೆ ಮುನಿಸು. ದಿನಾ ಬೆಳಿಗ್ಗೆ ಫೋನ್ ಮಾಡಿದರೆ "ಹೂಂ, ಇಡು" ಎನ್ನುವುದಷ್ಟೇ ಅವಳ ಮಾತು. ಹೋದ ತಿಂಗಳು ಒಂದು ಸೋಮವಾರ ಮಾತ್ರ, "ನಾಷ್ಟಾ ಆತೇನ ಮಗಳ? ನಿನ್ನ ನೆನಪ ಭಾಳ ಆಗ್ತೈತಿ" ಅಂದಳು. ನನಗೆ ಅಳುವೇ ಬಂತು. ಮಂಗಳವಾರ, ಬುಧವಾರ ಇನ್ನೂ ಹೆಚ್ಚು ಮಾತಾಡಿದಳು. ಅವ್ವನ ಮುನಿಸು ಇಳಿಯಿತೆಂದು ಕುಣಿದಾಡಿದೆ. ಗುರುವಾರ ಶೇಂಗಾ ಹೋಳಿಗೆ ಮಾಡಿಕೊಂಡು ಹೋದೆ.

ಅವಳು ಬಚ್ಚಲಲ್ಲಿ ಬಿದ್ದಿದ್ದಳು. ಬಿದ್ದದ್ದು ಸೋಮವಾರ ನಸುಕಿನಲ್ಲಿ, ಜೀವ ಹೋದದ್ದು ಬುಧವಾರ ಸಂಜೆ ಎಂದು ವೈದ್ಯರು ಹೇಳಿದರು. ನಾನು ಫೋನಿನಲ್ಲಿ ನಗುತ್ತಿದ್ದ ಆ ಮೂರೂ ಬೆಳಿಗ್ಗೆ ಅವಳು ಆ ನೆಲದ ಮೇಲೆ ಮಲಗಿ, ಹೊರಗಿನ ಕೋಣೆಯಿಂದ ಬರುತ್ತಿದ್ದ ತನ್ನದೇ ದನಿ ಕೇಳಿಸಿಕೊಂಡಿರಬೇಕು. ಕೇಳಿಸದೇ ಇರಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ.

ಈಗ ನಾನು ಮಾಡದಿದ್ದರೆ ಆ ದನಿಯೇ ಬೆಳಿಗ್ಗೆ ನನಗೆ ಫೋನ್ ಮಾಡುತ್ತದೆ. ನಿನ್ನೆ ಮೊದಲ ಸಲ ಕೇಳಿದೆ, ಖುದ್ದೇನು ಎಂದು. "ಅಲ್ಲ ಮಗಳ" ಅಂದಿತು. ಅವ್ವ ಸತ್ತಳೆಂದು ಹೇಳಿದೆ. "ಅಯ್ಯ ಪಾಪ, ಕಡೀಕ ಆಕಿ ಹತ್ರ ಯಾರಿದ್ರು?" ಎಂದು ಕೇಳಿತು. "ನೀನ ಇದ್ದಿ" ಅಂದೆ. ಅದಕ್ಕಿಂತ ಬೇರೆ ನಿಜ ನನ್ನಲ್ಲಿರಲಿಲ್ಲ.

ಅಜ್ಜಿ, ಫಾರಂ ತಂದವನಿಗೆ ಕಟ್ಟು ಬೇಡ, ಬಿಡಿ ಸೇವೆ ಸಾಕೆಂದು ಹೇಳಿ. ದುಬಾರಿಯಾದರೂ ಆಗಲಿ, ಮಾತಾಡುವ ಸೇವೆಯೊಂದನ್ನೇ ಕೊಳ್ಳಿ. ಆ ಸೋಮವಾರ ಬೆಟಗೇರಿಯ ಮನೆಯಲ್ಲಿ ಫೋನ್ ಸುಮ್ಮನೆ ರಿಂಗಾಗುತ್ತಲೇ ಇರಲಿ, ಯಾರೂ ಎತ್ತದಿರಲಿ. ಬೆಟಗೇರಿಗೆ ನನ್ನ ಮನೆಯಿಂದ ಇಪ್ಪತ್ತೇ ನಿಮಿಷ. ನಾನು ಓಡಿ ಬರುತ್ತೇನೆ.