ಮಡಚಬಾರದ ಬಟ್ಟೆ

ಕುಷಾಯಿಗೂಡ, ಹೈದರಾಬಾದ್
9 ಫೆಬ್ರವರಿ 2025

ನನ್ನ ನಿಖಿತಾ, ಅವ್ವನ ಆಶೀರ್ವಾದ.

ಹೇಗಿದ್ದೀ? ಮೊಣಕಾಲಿನ ಗಾಯ ಮಾಯಿತೋ ಇಲ್ಲವೋ? ತಲೆಗೆ ಎಣ್ಣೆ ಹಚ್ಚುತ್ತೀಯಾ? ಇಲ್ಲವೆಂದು ಗೊತ್ತು, ಆದರೂ ಕೇಳುವುದು ತಾಯಿಯ ಕೆಲಸ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪನ ಕಿವಿ ಬಾಗಿಲಲ್ಲೇ ಇರುತ್ತದೆ. ಅದಕ್ಕೇ ಈ ಪತ್ರ.

ನೀನು ನನ್ನ ಹೆಸರಿಗೆ ಕಳಿಸಿದ ಫೋಮಿನ ಸರ್ಫ್ ಹಲಗೆ ಮುಟ್ಟಿತು. ಅದಕ್ಕೆ ಫೈಬರ್ ಬಟ್ಟೆ ಹಾಕಬೇಕಾದವರು ಯಾರೆಂದು ಮಾತ್ರ ನೀನು ಬರೆಯಲಿಲ್ಲ, ಕಿಲಾಡಿ! ಮೂಲ್ಕಿಯಲ್ಲಿ ಹಲಗೆಯ ಮೇಲೆ ನಿಂತು ಅಲೆ ಏರುವ ಆ ಸರ್ಫಿಂಗ್ ಕಲಿಸಲು ನೀನು ಹೊರಟ ದಿನ "ನಮಗಿಂತ ಸಮುದ್ರಾನ ದೊಡ್ಡದಾತಂದ್ರ ಅಲ್ಲೇ ಇರು" ಎಂದವರು, ಎಂಟು ತಿಂಗಳಿಂದ ನಿನ್ನ ಜೊತೆ ಮಾತು ಬಿಟ್ಟ ನಿಮ್ಮಪ್ಪ, ಆ ಹಲಗೆಯನ್ನು ಎರಡು ದಿನ ಸುತ್ತುಹಾಕಿ ನೋಡಿದರು. ಮೂರನೆಯ ದಿನ ತಾವೇ ಎತ್ತಿಕೊಂಡು ತಮ್ಮ ಕೂಲರ್ ಶೆಡ್ಡಿಗೆ ಹೋದರು.

ನಾಲ್ಕು ಔನ್ಸಿನ ತೆಳು ಬಟ್ಟೆಯೇ ಬೇಕು ಎಂಬ ನಿನ್ನ ಚೀಟಿ ಓದಿ, "ಅದೇನು ಸೊಳ್ಳಿ ಪರದೇನ? ಗಟ್ಟಿ ಹೆಂಗ ಬರ್ತೈತಿ?" ಎಂದು ನಕ್ಕರು. ಮೂವತ್ತು ವರ್ಷ ಫೈಬರ್ ಬಟ್ಟೆಯಿಂದ ಕೂಲರ್ ಪೆಟ್ಟಿಗೆ ಮಾಡಿದವರಿಗೆ ದಪ್ಪ ಬಟ್ಟೆಯೇ ದೇವರು. ಹಟಕ್ಕೆ ಬಿದ್ದು ಒಂದು ಫೋಮಿನ ತುಂಡಿಗೆ ಆ ದಪ್ಪದ್ದನ್ನೇ ಹಾಸಿದರು. ಅದು ಅಂಚಿನ ದುಂಡಿಗೆ ಬಾಗಲಿಲ್ಲ, ಮೇಲೆ ಹಚ್ಚುವ ರೆಸಿನ್ ಅಂಟು ಮಾತ್ರ ಕುಡಿದೇ ಕುಡಿಯಿತು. ಎತ್ತಿದರೆ ಬೀಸುಕಲ್ಲು. ಮರುದಿನವೇ ರಾಣಿಗಂಜ್ ಪೇಟೆಗೆ ಹೋಗಿ ತೆಳು ಬಟ್ಟೆ ತಂದು ನನ್ನ ಕೈಗಿಟ್ಟರು: "ನೀ ಕುಬಸ ಹೊಲ್ಯಾಕಿ, ಕತ್ತರಿ ನಿಂದು."

ಅಲ್ಲಿ ನನ್ನ ಬುದ್ಧಿ ಮಂಕಾಯಿತು ನೋಡು. ಅರಿವೆ ಮಡಚಿಟ್ಟೇ ರೂಢಿಯಾದ ಕೈ. ಇದನ್ನೂ ನಾಲ್ಕು ಮಡಿಕೆ ಮಾಡಿ, ಮೇಲೆ ಇಸ್ತ್ರಿಪೆಟ್ಟಿಗೆ ಹೇರಿ ಇಟ್ಟೆ. ಬಿಚ್ಚಿದರೆ ಮಡಿಕೆಯ ಗೆರೆಗಳು ಹೋಗಲೊಲ್ಲವು. ಗಾಜಿನ ಎಳೆ, ಒಮ್ಮೆ ಮುರಿದರೆ ಮುರಿಯಿತೇ. ರೆಸಿನ್ ಹಾಕಿದ ಮೇಲೂ ಬಿಳಿ ಗೆರೆಯಾಗಿ ಕಾಣುತ್ತದಂತೆ. ಕೂಗಾಡುತ್ತಾರೆಂದು ಕಾದೆ. "ಸುತ್ತಿ ಇಡಬೇಕಂತ ನಾನ ಹೇಳಲಿಲ್ಲ, ತಪ್ಪು ನಂದ" ಎಂದುಬಿಟ್ಟರು! ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಮಾತು ಕೇಳಿದ್ದು ಇದೇ ಮೊದಲು, ನನಗೆ ಅಳುವೇ ಬಂತು. ಮತ್ತೆ ಹೋಗಿ ಹೊಸದು ತಂದರು. ಈ ಸಲ ಪೈಪಿಗೆ ಸುತ್ತಿಯೇ ಇಟ್ಟೆ. ಹಲಗೆಯ ಮೂತಿಯ ಹತ್ತಿರ, ಕುಬಸದ ಕಂಕುಳಿಗೆ ಕೊಡುವ ಹಾಗೆ, ಸಣ್ಣ ಸಣ್ಣ ಕಚ್ಚು ಕೊಟ್ಟೆ. ಬಟ್ಟೆ ಸುಕ್ಕಿಲ್ಲದೆ ಅಡಿಗೆ ಹೊರಳಿತು. ರೆಸಿನ್ ಎಳೆದಂತೆ ಬಿಳಿ ಬಟ್ಟೆ ಕಣ್ಣೆದುರೇ ಕಾಣದಾಯಿತು. ಹಲಗೆ ನನ್ನ ಒಂದೇ ಕೈಗೆ ಏಳುತ್ತದೆ! "ಮಗಳು ಚೀಟ್ಯಾಗ ಬರದದ್ದು ಖರೇ ಐತಿ" ಎಂದು ನಿಮ್ಮಪ್ಪ ಗೋಡೆಗೆ ಹೇಳಿದರು, ನನಗಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನೀರಿಗಿಳಿಯುವಾಗ ನಮ್ಮ ಮನೆದೇವರು ಅಮರೇಶ್ವರನನ್ನು ನೆನೆ, ಅವನು ಕಾಯುತ್ತಾನೆ.

ನಿನ್ನ ಅವ್ವ,
ಶಿವದೇವಿ

ತಾ.ಕ.: ಮುಖ್ಯವಾದದ್ದೇ ಉಳಿಯಿತು. ಹಲಗೆ ಪಾರ್ಸೆಲ್ ಮಾಡೋಣವೆಂದರೆ "ಅವರು ಎತ್ತಿ ಒಗೀತಾರ, ನಾನ ಒಯ್ತೀನಿ" ಎನ್ನುತ್ತಾರೆ. ಶನಿವಾರದ ಮಂಗಳೂರು ಬಸ್ಸು. ಭಾನುವಾರ ಮಧ್ಯಾಹ್ನ ಮೂಲ್ಕಿಯಲ್ಲಿರುತ್ತಾರೆ. ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ. ನಾನು ಹೇಳಿಲ್ಲ, ಬರೆದಿದ್ದೇನೆ, ಅಷ್ಟೇ. ಬಸ್ ಸ್ಟ್ಯಾಂಡಿಗೆ ಹೋಗು, ಮೊದಲು ನೀನೇ "ಅಪ್ಪಾ" ಅನ್ನು. ಟಿಕೆಟ್ಟು ಹೋಗುವುದಕ್ಕೆ ಮಾತ್ರ ತೆಗೆಸಿದ್ದಾರೆ. ಬರುವುದಕ್ಕೆ ಯಾಕಿಲ್ಲ ಎಂದು ಕೇಳಿದೆ. "ಅಕಿ ನೀರಿನ ಮ್ಯಾಲೆ ನಿಲ್ಲೂದು ನೋಡೂತನಕ ನಾ ಬರಂಗಿಲ್ಲ" ಎಂದರು.