ಚಪ್ಪಲಿ ಕಳ್ಳ ಯಾರವನು

ಉಪ್ಪ,

ನೀವು ತೀರಿಕೊಂಡು ವರ್ಷವಾಯಿತೆಂದು ಇವತ್ತು ಬಂಟ್ವಾಳದ ಮನೆಯಲ್ಲಿ ದುಆ ಪ್ರಾರ್ಥನೆ ಇತ್ತು. ಚಾವಡಿಯಲ್ಲಿ ಗಂಡಸರು, ಪರದೆಯ ಈಚೆ ಉಮ್ಮ, ನಿಮ್ಮ ಮಗಳು ನಾನು, ಉಳಿದ ಹೆಂಗಸರು. ನಿಮ್ಮ ಮಸೀದಿಯ ಉಸ್ತಾದರು ಒಂದು ಕಥೆ ಹೇಳಿದರು. ಚಪ್ಪಲಿ ಕದಿಯಲು ಮಸೀದಿಗೆ ಬಂದವನನ್ನು ಯಾರೋ ತೋಳು ಹಿಡಿದು ನಮಾಝಿನ ಸಾಲಿನ ಖಾಲಿ ಜಾಗದಲ್ಲಿ ನಿಲ್ಲಿಸುತ್ತಾರೆ. ಬೇರೆ ದಾರಿಯಿಲ್ಲದೆ ಅವನು ನಮಾಝ್ ಮಾಡುತ್ತಾನೆ. ಹೊರಗೆ ಬಂದು ನೋಡಿದರೆ ಅವನ ಚಪ್ಪಲಿಯೇ ಇಲ್ಲ. ನಗುತ್ತಾ ಬರಿಗಾಲಲ್ಲಿ ಮನೆಗೆ ಹೋಗುತ್ತಾನೆ. ಹೆಂಗಸರು ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ಆ ಕಳ್ಳ ನನ್ನ ಪತ್ತೇದಾರಿ ಕಾದಂಬರಿಯವನು. ನಾನೇ ಹುಟ್ಟಿಸಿದವನು.

ಉಮ್ಮ ಪರದೆಯ ಹಿಂದಿನಿಂದ ಕೇಳಿದರು, "ಉಸ್ತಾದರೇ, ಇದು ಯಾವ ಕಿತಾಬಿನಲ್ಲಿ ಉಂಟು?"

"ಕಿತಾಬು ಗೊತ್ತಿಲ್ಲ. ನಿಮ್ಮ ಯಜಮಾನರೇ ನನಗೆ ಹೇಳಿದ್ದು. ಹಿಂದಿನ ಕಾಲದ ಯಾರೋ ದೊಡ್ಡವರು ಬರೆದದ್ದಂತೆ."

ನನ್ನ ಹೆಸರು ಹೇಳಲು ನಿಮಗೆ ಬಾಯಿ ಬರಲಿಲ್ಲ. ಕೊಲೆ ಕಥೆ ಬರೆಯುವವಳ ನಮಾಝ್ ಸ್ವೀಕಾರವಾಗುವುದಿಲ್ಲ ಎಂದು ನೆಂಟರ ಮುಂದೆ ಹೇಳಲು ಮಾತ್ರ ಬಂದಿತ್ತು. ನಾನು ಕೊಟ್ಟ ಆ ಕಾದಂಬರಿಯನ್ನು ನಮ್ಮ ಅಂಗಡಿಯಲ್ಲಿ ಹರಿದು ಮೆಣಸು ಕಟ್ಟಿಕೊಟ್ಟೆ ಎಂದಿರಿ. ಅದಾದ ಮೇಲೆ ಆರು ವರ್ಷ ನಾನು ಮೂಡುಬಿದಿರೆಯಿಂದ ಈ ಮನೆಯ ಕಡೆ ತಲೆ ಹಾಕಲಿಲ್ಲ.

ನೀವು ಜನರನ್ನು ಹೆದರಿಸಿ ದೇವರ ಕಡೆಗೆ ಓಡಿಸಲು ನೋಡಿದಿರಿ. ನಾನು ಕಥೆಯಲ್ಲಿ ಮುಂದೇನು ಎಂದು ಕಾಯಿಸಿ ಕರೆದುಕೊಂಡು ಹೋಗುತ್ತೇನೆ. ಇವತ್ತು ಇವರೆಲ್ಲ ಅತ್ತದ್ದು ಯಾರ ಮಾತಿಗೆ?

ಸುಳ್ಳು ಹರಾಮ್ ಎಂದು ಕಲಿಸಿದವರು ನೀವೇ. ಆ ಕಳ್ಳ ಮಸೀದಿಗೆ ಬರುವುದು ಇನ್ನೂರ ಹನ್ನೆರಡನೇ ಪುಟದಲ್ಲಿ. ಮೆಣಸು ಕಟ್ಟುತ್ತಾ ಯಾರೂ ಅಲ್ಲಿಗೆ ತಲುಪುವುದಿಲ್ಲ, ಉಪ್ಪ. ಎರಡು ಕೊಲೆ ದಾಟಿಕೊಂಡು ಬರಬೇಕು.

ಶಮ್ನಾ